ಆಷಾಢದ ಬೆಲೆ

ಆಷಾಢದ ಎರಡನೇ ಸೋಮವಾರ, ಬೆಳಿಗ್ಗೆ ಆರೂವರೆ. ರಾಮನಗರದ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಮೂವರು: ನಾನು, ಚನ್ನಪಟ್ಟಣದಿಂದ ಬಂದಿದ್ದ ನನ್ನ ತಮ್ಮ, ಅವನು ಕರೆತಂದಿದ್ದ ಮನೆ ದಲ್ಲಾಳಿ. ಮಹಡಿಯಲ್ಲಿ ಬಾಡಿಗೆಗಿರುವ ಹೆಂಗಸು ಕೊಡ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಇಳಿಯಬೇಕೋ ಹತ್ತಬೇಕೋ ಅವಳಿಗೆ ತಿಳಿಯಲಿಲ್ಲ. ನಡೆಯುತ್ತಿದ್ದ ಮಾತು ಅವಳ ತಲೆಯ ಮೇಲಿನ ಸೂರಿನದೇ ಆಗಿತ್ತು.

ದಲ್ಲಾಳಿ ಬೈಕಿನ ಕೀಲಿಯಿಂದ ಗೋಡೆ ಕುಟ್ಟಿ ನೋಡಿದ. ಒಂದು ಕಡೆ ಗಾರೆ ಉಬ್ಬಿ ಪುಡಿ ಉದುರಿತು.

"ನೋಡಿ ಅಮ್ಮ, ಗೋಡೆ ಬಾತ್ಕೊಂಡೈತೆ. ಮಾರ್ಕೆಟ್ಟೂ ಬಿದ್ದೋಗೈತೆ. ಹೈವೇ ಕಡೆ ಲೇಔಟಲ್ಲಿ ಸೈಟು ಕೇಳೋರಿಲ್ಲ, ಬಾಡಿಗೆಗೆ ಬರೋರಿಲ್ಲ. ಕನಕಪುರದಲ್ಲೂ ಹಂಗೇಯ, ಮಾಗಡೀಲೂ ಹಂಗೇಯ. ಇವತ್ತಿನ ರೇಟು ದೀಪಾವಳಿಗೆ ಇರಕ್ಕಿಲ್ಲ."

"ನೀನು ಕೀಲೀಲಿ ಕುಟ್ಟೋದು ಬಿಟ್ರೆ ಗೋಡೆ ದೀಪಾವಳಿಗೂ ಇರ್ತದೆ" ಎಂದೆ.

ಮನೆ ಅಪ್ಪನದು. ಅರ್ಧ ನನಗೆ, ಅರ್ಧ ತಮ್ಮನಿಗೆ. ಇಬ್ಬರ ಸಹಿ ಇಲ್ಲದೆ ಮಾರುವಂತಿಲ್ಲ. ಕೊಳ್ಳುವವನು ಇದನ್ನು ಕೆಡವಿ ಗೋಡೌನು ಕಟ್ಟಿಸುತ್ತಾನಂತೆ. ತಮ್ಮ ನನ್ನನ್ನು ಒಂದು ಮಾತೂ ಕೇಳದೆ ಟೋಕನ್ ಅಡ್ವಾನ್ಸ್ ತೆಗೆದುಕೊಂಡುಬಿಟ್ಟಿದ್ದ. ಲಕೋಟೆ ಅವನ ಜೇಬಿನಿಂದ ಇಣುಕುತ್ತಿತ್ತು.

"ಅಕ್ಕ, ನಿಂಗೇನು ಗೊತ್ತು ಹೊರಗಡೆ ಪರಿಸ್ಥಿತಿ? ಎದುರುಮನೆ ನೋಡು, ಒಂದು ತಿಂಗಳಿಂದ ಬೋರ್ಡ್ ನೇತಾಕವ್ರೆ. ಒಬ್ಬನಾದ್ರೂ ಬಂದ್ನಾ?"

ಎದುರುಮನೆಯ ಬಾಗಿಲಿಗೆ 'ಮನೆ ಬಾಡಿಗೆಗಿದೆ' ಎಂಬ ರಟ್ಟಿನ ಬೋರ್ಡು ನಿಜಕ್ಕೂ ತೂಗುತ್ತಿತ್ತು. ಅದನ್ನು ನೋಡಿ ನನಗೂ ಒಂದು ಗಳಿಗೆ ಅವನ ಮಾತು ಸರಿಯೆನಿಸಿತು. ಆದರೆ ಅನಿಸಿದ್ದಕ್ಕೆಲ್ಲ ತಲೆಯಾಡಿಸುವ ಅಭ್ಯಾಸ ನನಗಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವಳು. ರೈತರಿಗೆ ಕೊಡುವ ಹುಳುವಿನ ಮೊಟ್ಟೆ ಅಲ್ಲಿ ತಯಾರಾಗುತ್ತದೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಗಂಟುರೋಗ ಇದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಎಂಟಕ್ಕೆ ಕುಳಿತರೆ ಒಂದಕ್ಕೆ ಏಳುವುದು. ಸೇರಿದ ಮೊದಲ ವಾರ ಒಂದು ತಟ್ಟೆಯಲ್ಲಿ ಮೂರು ಚಿಟ್ಟೆಗೆ ರೋಗ ಕಂಡಿತೆಂದು ತಟ್ಟೆಯನ್ನೇ ಸುಡಲು ಎತ್ತಿದ್ದೆ. ನಮ್ಮ ಮೇಲಿನವರು ಕೈ ಹಿಡಿದು ನಿಲ್ಲಿಸಿದರು. "ಮಿಕ್ಕವನ್ನ ನೋಡಿದ್ಯಾ? ನೋಡದೆ ಪಾಸೂ ಮಾಡಬೇಡ, ಫೇಲೂ ಮಾಡಬೇಡ" ಎಂದರು. ಅದಾದ ಮೇಲೆ ನಾನು ಯಾವುದನ್ನೂ ತಟ್ಟೆಗಟ್ಟಲೆ ನಂಬಿಲ್ಲ, ತಟ್ಟೆಗಟ್ಟಲೆ ಬಿಟ್ಟೂ ಇಲ್ಲ.

"ಸಾಯಂಕಾಲ ಐದು ಗಂಟೆಗೆ ಬಾ. ನೋಡಿ ಹೇಳ್ತೀನಿ" ಎಂದು ದಲ್ಲಾಳಿಯನ್ನು ಕಳಿಸಿದೆ. ತಮ್ಮನಿಗೆ ತಿಂಡಿ ಕೊಟ್ಟೆ. ಎಂಟಕ್ಕೆ ಸರಿಯಾಗಿ ಅವನ ಕಾರಿನಲ್ಲಿ ಕುಳಿತೆ.

"ಎಲ್ಲಿಗೆ?"

"ಎಲ್ಲಿ ಬಿದ್ದೋಗೈತೆ ಅಂದ್ರಲ್ಲ, ಅಲ್ಲಿಗೆ."

ಹೈವೇ ಪಕ್ಕದ ಬಡಾವಣೆಗೆ ಮೊದಲು ಹೋದೆವು. ದೊಡ್ಡ ಕಮಾನು, ಕಮಾನಿನ ಮೇಲೆ ಬಣ್ಣ ಹೋದ ನವಿಲು. ಒಳಗೆ ಡಾಂಬರು ರಸ್ತೆ, ಬೀದಿದೀಪ, ಎಲ್ಲ ಇದ್ದವು. ಮನುಷ್ಯರು ಮಾತ್ರ ಇರಲಿಲ್ಲ. ಸೈಟುಗಳಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕಟ್ಟಿದ ಮನೆಗಳಲ್ಲಿ ಸುಮಾರು ಅರ್ಧಕ್ಕೆ ಬೋರ್ಡು ತೂಗುತ್ತಿತ್ತು. ಒಂದೊಂದು ಬೋರ್ಡಿನಲ್ಲೂ ಹಳೆಯ ಬಾಡಿಗೆ ಹೊಡೆದುಹಾಕಿ ಕೆಳಗೆ ಹೊಸದು ಬರೆದಿದ್ದರು. ಕೆಲವರು ಎರಡು ಸಲ ಹೊಡೆದಿದ್ದರು.

ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ಸಿಕ್ಕ. ಅದೇ ಜಮೀನು ಹಿಂದೆ ಅವನದಾಗಿತ್ತಂತೆ.

"ಯಾಕಪ್ಪ, ಯಾರೂ ಬರ್ಲಿಲ್ವಾ?" ಎಂದೆ.

"ಬತ್ತಾರೆ, ಬತ್ತಾರೆ ಅಂತ ಕಟ್ಟುದ್ರು ಕಣವ್ವ. ಬಂದವು ಇವೇಯ" ಎಂದು ಕುರಿಗಳ ಕಡೆ ಕೋಲು ತೋರಿಸಿದ. "ಇಲ್ಲಿ ಮನೆ ರೇಟು ಇಳ್ದೈತೆ. ನನ್ ಕುರಿ ರೇಟು ಇಳ್ದಿಲ್ಲ. ಬೇಕಾ ಒಂದು?"

ತಮ್ಮ ನಗಲಿಲ್ಲ. "ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದ.

"ಇದೊಂದು ಚಿಟ್ಟೆ. ಮುಂದಕ್ಕೆ ನಡಿ."

ಮಾಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಗೆಳತಿಯಿದ್ದಾಳೆ. ಕಾರಿನಿಂದಲೇ ಫೋನು ಮಾಡಿ ಕೇಳಿದೆ. ಊರಾಚೆ ಕಟ್ಟಿದವು ಖಾಲಿ ಬಿದ್ದಿವೆ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ರೂಮೂ ಸಿಗುವುದಿಲ್ಲ ಎಂದಳು. ಅವಳ ತಂಗಿ ಇರುವ ಕನಕಪುರದಲ್ಲೂ ಹಾಗೆಯೇ ಅಂತೆ.

ಚನ್ನಪಟ್ಟಣದಲ್ಲಿ ತಮ್ಮ ಕಾರನ್ನು ಊರೊಳಗೆ ತಿರುಗಿಸಲು ಹೋದ. "ಮೊದ್ಲು ನಿನ್ನ ಮನೆಗೆ ನಡಿ" ಎಂದೆ.

"ನಮ್ಮನೇಲಿ ಏನೈತೆ ನೋಡಕ್ಕೆ?"

ಇತ್ತು. ಹೊಂಗನೂರು ರಸ್ತೆಯ ಕಡೆ, ಹೊಸ ಬಡಾವಣೆಯಲ್ಲಿ ಅವನು ಐದಾರು ವರ್ಷದ ಹಿಂದೆ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನ ಮಹಡಿಯನ್ನು ತೋರಿಸಿ, "ಈ ಬಾಡಿಗೇಲೇ ನಾನು ಕೂತು ಉಣ್ತೀನಿ" ಎಂದು ಎದೆಯುಬ್ಬಿಸಿದ್ದ. ಈಗ ಅದೇ ಮಹಡಿಯ ಕಟಾಂಜನಕ್ಕೆ ಬೋರ್ಡು ಕಟ್ಟಿತ್ತು. ಅಕ್ಷರ ಅವನದೇ. ಬಾಡಿಗೆ ಹೊಡೆದು ಬರೆದದ್ದು ಎರಡು ಸಲ.

"ಎಷ್ಟು ದಿನದಿಂದ?"

"ಯುಗಾದಿಗಿಂತ ಮುಂಚಿಂದ" ಎಂದ. ಮುಖ ಆ ಕಡೆ ತಿರುಗಿಸಿದ. "ಯಾರ್ಗೂ ಹೇಳಿಲ್ಲ. ನಿಂಗೂ ಹೇಳ್ಲಿಲ್ಲ."

ಅಪ್ಪನ ಮನೆಯನ್ನು ಅವನು ತನ್ನ ಖಾಲಿ ಮಹಡಿಯಿಂದ ಅಳೆಯುತ್ತಿದ್ದಾನೆ ಎಂದು ನನಗೆ ಆಗ ತಿಳಿಯಿತು. ಬೈಯಬೇಕೆಂದು ಬೆಳಿಗ್ಗೆಯಿಂದ ಕೂಡಿಟ್ಟಿದ್ದ ನಾಲ್ಕು ಮಾತುಗಳಲ್ಲಿ ಎರಡನ್ನು ಅಲ್ಲೇ ಬಿಟ್ಟೆ.

ಅಲ್ಲಿಂದ ಹಳೆಯ ಊರಿಗೆ, ಮರದ ಬೊಂಬೆ ಕಡೆಯುವವರ ಬೀದಿಗೆ ನಡೆದೇ ಹೋದೆವು. ಬೀದಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಸೈಕಲ್ಲು ಬಂದರೆ ಒಬ್ಬರು ಜಗಲಿ ಹತ್ತಬೇಕು. ಗೋಡೆಗಳಿಗೆ ಬಣ್ಣವಿಲ್ಲ. ಒಂದೇ ಒಂದು ಬೋರ್ಡೂ ಇರಲಿಲ್ಲ. ಜಗಲಿಯಲ್ಲಿ ಬುಗುರಿಗೆ ಅರಗಿನ ಬಣ್ಣ ಹಿಡಿಸುತ್ತಿದ್ದ ಸಾಬರೊಬ್ಬರನ್ನು, ಇಲ್ಲಿ ಮನೆ ಸಿಗುತ್ತದೆಯೇ ಎಂದು ಕೇಳಿದೆ.

"ಬೆಳಿಗ್ಗೆ ಖಾಲಿ ಆದ್ರೆ ಸಾಯಂಕಾಲಕ್ಕೆ ಸಾಮಾನು ಇಳೀತದೆ, ಅಮ್ಮಾ. ಮೆಷಿನ್ ಇಟ್ಟೋರಿಗೆ ಇಲ್ಲೇ ಬೇಕು. ಆ ಲೇಔಟಿನೋರು ಕರೀತಾರೆ. ಹೋದ್ರೆ, ಮೆಷಿನ್ ಸದ್ದು ಮಾಡ್ಬೇಡಿ ಅಂತಾರೆ! ಸದ್ದಿಲ್ದೆ ಬುಗುರಿ ಹೆಂಗೆ ಬರ್ತದೆ?"

ತಮ್ಮ ಅವರಿಂದ ಒಂದು ಬುಗುರಿ ಕೊಂಡ. ಅವನ ಮನೆಯಲ್ಲಿ ಅದನ್ನು ಆಡಿಸುವವರು ಯಾರೂ ಇಲ್ಲ.

ಮೂರೂವರೆಗೆ ರಾಮನಗರಕ್ಕೆ ಮರಳಿದೆವು. ಮಹಡಿಯ ಹೆಂಗಸು ಹಿತ್ತಲ ಷೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದಳು. ಬೇಸಿನ್ನಿನ ಬಿಸಿನೀರಿನಲ್ಲಿ ಗೂಡು ಕುದಿಯುತ್ತಿತ್ತು, ಪಕ್ಕದ ತಟ್ಟೆಯಲ್ಲಿ ಸತ್ತ ಹುಳುಗಳ ರಾಶಿ. ಆ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ. ಗಂಡ ತೀರಿಕೊಂಡ ಮೇಲೂ ಅವಳು ಚರಕ ನಿಲ್ಲಿಸಿದವಳಲ್ಲ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಹರಾಜಿಗೆ ನಡೆದೇ ಹೋಗುತ್ತಾಳೆ. ಅಲ್ಲಿಗೆ ನಮ್ಮ ಬಾಗಿಲಿನಿಂದ ಎಂಟು ನಿಮಿಷ.

"ಅಕ್ಕಾ, ಮಾರ್ತೀರಾ?" ಎಂದಳು. ಕೈ ನಿಲ್ಲಿಸಲಿಲ್ಲ. "ಆ ದಲ್ಲಾಳಿ ಹೋದ ವಾರ ನನ್ನತ್ರಾನೂ ಬಂದಿದ್ದ. ಲೇಔಟಲ್ಲಿ ದೊಡ್ಡ ಮನೆ ಕೊಡಿಸ್ತೀನಿ, ಇದಕ್ಕಿಂತ ಕಮ್ಮಿ ಬಾಡಿಗೆ ಅಂದ."

"ನೀನೇನಂದೆ?"

"ಬೇಸಿನ್ ಎಲ್ಲಿ ಇಡ್ಲಿ ಅಂದೆ. ಬೇಸಿನ್ ಬೇಡ, ನೀವು ಬನ್ನಿ ಸಾಕು ಅಂದ. ಬೇಸಿನ್ ಬಿಟ್ಟು ನಾನೊಬ್ಳೇ ಹೋಗಿ ಏನ್ ಮಾಡ್ಲಿ, ಟೈಲ್ಸ್ ನೆಕ್ಲಾ?"

ತಮ್ಮನಿಗೆ ನಗು ಬಂತು, ಅವತ್ತು ಮೊದಲ ಸಲ. ಆಮೇಲೆ ಅವನೇ ಎದುರುಮನೆಯ ಬೋರ್ಡಿನ ವಿಷಯ ಎತ್ತಿದ.

"ಅಯ್ಯೋ, ಅದಕ್ಕೆ ಹೊಗೆಸೊಪ್ಪಿನ ಅಂಗಡಿಯೋರು ಮಾತು ಕೊಟ್ಟಾಯ್ತಲ್ಲ" ಎಂದಳು ಅವಳು. "ನಿಮ್ಮೋರೇ. ಆಷಾಢ ಕಳೀಲಿ, ಶ್ರಾವಣದಲ್ಲಿ ಹಾಲು ಉಕ್ಕಿಸ್ತೀವಿ ಅಂದವ್ರೆ. ಬೋರ್ಡ್ ತೆಗೆಯೋಕೆ ಸೋಮಾರಿತನ, ಅಷ್ಟೇ. ನಾವು ಮುಸಲ್ಮಾನ್ರು, ನಮ್ಗೆ ಆಷಾಢ ಇಲ್ಲ. ನಿಮ್ಗೆ ಐತಲ್ಲ, ನೀವೇ ಮರೆತ್ರಾ?"

ಮರೆತಿದ್ದೆವು. ಆಷಾಢದಲ್ಲಿ ನಮ್ಮವರು ಮನೆ ಬದಲಾಯಿಸುವುದಿಲ್ಲ, ಹೊಸ ಒಲೆ ಹೂಡುವುದಿಲ್ಲ. ಹುಟ್ಟಿದಾಗಿನಿಂದ ಈ ಬೀದಿಯಲ್ಲಿರುವ ನಾನೂ ಬೆಳಿಗ್ಗೆ ಆ ರಟ್ಟನ್ನು ನೋಡಿ ಮೋಸಹೋಗಿದ್ದೆ. ನನಗೆ ನಾಚಿಕೆಯಾಯಿತು. ಆದರೆ ದಲ್ಲಾಳಿ ಮರೆತಿರಲಿಲ್ಲ. ಗೊತ್ತಿದ್ದೇ ಆಷಾಢ ನೋಡಿ ಬಂದಿದ್ದ.

ಅವಳು ನೂಲಿನ ತುದಿ ಹಿಡಿದುಕೊಂಡೇ ಇನ್ನೊಂದು ಮಾತು ಸೇರಿಸಿದಳು. "ಎಲ್ಲಾ ಕಡೆ ಬಾಡಿಗೆ ಇಳ್ದೈತಂತೆ ಅಕ್ಕಾ. ನಮ್ಗೂ ಒಸಿ..."

"ಇಳಿಸಲ್ಲ" ಎಂದೆ. "ಈ ವರ್ಷ ಏರಿಸೋದೂ ಇಲ್ಲ."

ಅವಳು ತಮ್ಮನ ಕಡೆ ನೋಡಿ, "ನಿಮ್ಮಕ್ಕ ಕೋಠಿ ಬಿಟ್ರೂ ಕೋಠಿ ಅವ್ರನ್ನ ಬಿಟ್ಟಿಲ್ಲ" ಎಂದಳು.

ದಲ್ಲಾಳಿ ಐದಕ್ಕೆ ಬರಬೇಕಾದವನು ಐದೂ ಹತ್ತಕ್ಕೆ ಬಂದ. ತಮ್ಮ ಏನು ಮಾಡುತ್ತಾನೋ ಎಂದು ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ನನ್ನ ಸಹಿಯನ್ನು ನಾನು ತಡೆಯಬಲ್ಲೆ, ಅವನ ಮನಸ್ಸನ್ನು ತಡೆಯಲಾರೆ. ಅವನು ಎದ್ದು ಹೋಗಿ ಲಕೋಟೆಯನ್ನು ದಲ್ಲಾಳಿಯ ಬೈಕಿನ ಸೀಟಿನ ಮೇಲಿಟ್ಟ.

"ಯಾಕಣ್ಣ? ತಪ್ಪು ಮಾಡ್ತಿದ್ದೀರ. ಎರಡು ವರ್ಷದ ಹಿಂದೆ ಇದೇ ಮನೇನ ಇನ್ನೂ ಜಾಸ್ತಿಗೆ ಕೇಳಿದ್ರು. ಈಗ ನೋಡಿ. ಮುಂದಕ್ಕೆ ಇನ್ನೂ ಇಳೀತದೆ."

ಆ ಮಾತು ಸುಳ್ಳಲ್ಲ. ಆಗ ಕೇಳಿದ್ದಷ್ಟು ಈಗ ಯಾರೂ ಕೇಳುವುದಿಲ್ಲ. ನಮ್ಮ ಬೀದಿಯ ಬಾಡಿಗೆ ಇಳಿದಿಲ್ಲ, ಮಾರುವ ಬೆಲೆ ಒಂದಿಷ್ಟು ಇಳಿದಿದೆ. ನಾನು ಅದನ್ನು ಮುಚ್ಚಿಡಲಿಲ್ಲ.

"ಇಳೀಲಿ" ಎಂದೆ. "ಬೆಲೆ ಬೇಕಾಗಿರೋದು ಮಾರೋರಿಗೆ. ನಾವು ಮಾರ್ತಿಲ್ಲ. ನೀನು ಕುಟ್ಟಿ ಉದುರಿಸಿದ ಗಾರೆ ಅಲ್ಲೇ ಬಿದ್ದಿದೆ, ಬೇಕಾದ್ರೆ ತಗೊಂಡ್ಹೋಗು."

ತಮ್ಮ ಅವನನ್ನು ಬೀದಿಯ ತಿರುವಿನವರೆಗೆ ಕಳಿಸಿ ಬಂದ. ಮರ್ಯಾದೆ ಅವನಿಗೆ ಯಾವಾಗಲೂ ನನಗಿಂತ ಹೆಚ್ಚು.

"ನನ್ ಮಹಡಿ ಏನ್ ಮಾಡ್ಲಿ, ಅಕ್ಕ?"

"ಇನ್ನೊಂದು ಸಲ ಹೊಡೆದು ಬರಿ. ಸದ್ದು ಮಾಡ್ಬಹುದು ಅಂತಾನೂ ಬರಿ. ಆ ಬುಗುರಿ ಸಾಬರ ಬೀದೀಲಿ ಒಂದು ಮಾತು ಹೇಳು."

ಅವನು ಬುಗುರಿಯನ್ನು ಜೇಬಿನಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ; ಲಕೋಟೆ ಇದ್ದದ್ದೂ ಅದೇ ಜೇಬಿನಲ್ಲಿ. ಆಮೇಲೆ ಅಟ್ಟದಿಂದ ಏಣಿ ಇಳಿಸಿಕೊಟ್ಟ.

ಉಬ್ಬಿದ ಗಾರೆಯನ್ನು ಕರಣೆಯಿಂದ ಕೆರೆದೆ. ಒಳಗಿನ ಇಟ್ಟಿಗೆ ಗಟ್ಟಿಯಾಗಿತ್ತು. ಗಾರೆ ಮೆತ್ತಿ, ಅದು ಒಂದಿಷ್ಟು ಎಳೆದುಕೊಂಡ ಮೇಲೆ ಸುಣ್ಣ ಬಳಿದೆ. ತಮ್ಮ ಕೆಳಗೆ ಏಣಿ ಹಿಡಿದಿದ್ದ. ಆರೂ ಮುಕ್ಕಾಲಿಗೆ ಕೆಲಸ ಮುಗಿಯಿತು. ಬ್ರಷ್ಷು ತೊಳೆದು, ನೀರು ಜಾಡಿಸಿ, ಹಿತ್ತಲ ಮೊಳೆಗೆ ತೂಗುಹಾಕಿದೆ.