ನೂರಕ್ಕೆ ಸುಮಾರು ನಲವತ್ತು

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ಕಲಿಸಿ ನನಗೊಂದು ರೋಗ ಅಂಟಿಕೊಂಡಿದೆ. ಯಾರಾದರೂ ಇಷ್ಟು ಪರ್ಸೆಂಟ್ ಎಂದ ಕೂಡಲೇ, ಆ ಅಂಕಿಯನ್ನು ಬಿಟ್ಟು ಅದರ ಮುಂದೆ ಯಾವ ಪದ ಕೂತಿದೆ ಎಂದು ನೋಡುತ್ತೇನೆ. ಮುಂದಾಗುವುದನ್ನು ಹೇಳುವಾಗ ಇಂಗ್ಲಿಷಿನವರು ಬರೀ ನಲವತ್ತು ಎನ್ನುವುದು ಕಡಿಮೆ. ಅರೌಂಡ್ ಫಾರ್ಟಿ ಅನ್ನುತ್ತಾರೆ, ನಿಯರ್ಲಿ ಫಾರ್ಟಿ ಅನ್ನುತ್ತಾರೆ, ಅಪ್ ಟು ಫಾರ್ಟಿ ಅನ್ನುತ್ತಾರೆ. ಮೂರೂ ಬೇರೆ ಬೇರೆ. ಮೊದಲನೆಯದು ನಲವತ್ತರ ಆಚೆಗೂ ಈಚೆಗೂ ಓಡಾಡುತ್ತದೆ. ಎರಡನೆಯದು ನಲವತ್ತರ ಹೊಸ್ತಿಲಿಗೆ ಬಂದು ಒಳಗೆ ಕಾಲಿಡದೆ ನಿಲ್ಲುತ್ತದೆ. ಮೂರನೆಯದನ್ನು ನಂಬಿದಿರೋ, ಕೆಟ್ಟಿರಿ. ನಮ್ಮ ಬಜಾರಿನ ಸೀರೆ ಅಂಗಡಿಗಳ ಮೇಲೆ ಶೇಕಡಾ ಅರವತ್ತರವರೆಗೆ ರಿಯಾಯಿತಿ ಎಂದು ಬರೆದಿರುತ್ತದಲ್ಲ, ಒಳಗೆ ಹೋದರೆ ಆ ಅರವತ್ತು ಸಿಗುವುದು ಯಾರೂ ಉಡದ ಬಣ್ಣದ ಒಂದೇ ಸೀರೆಗೆ. ಅಪ್ ಟು ಎಂದರೆ ಅದು.

ಒಮ್ಮೆ ತರಗತಿಯಲ್ಲಿ ಹವಾಮಾನದ ವರದಿಯೊಂದನ್ನು ಅನುವಾದಕ್ಕೆ ಕೊಟ್ಟಿದ್ದೆ. ಮಳೆಯ ಸಾಧ್ಯತೆ "ಇನ್ ದ ರೀಜನ್ ಆಫ್ ಫಾರ್ಟಿ ಪರ್ಸೆಂಟ್" ಎಂದಿತ್ತು. ಅಂದರೆ ನಲವತ್ತರ ಆಸುಪಾಸು. ರೀಜನ್ ಎಂದರೆ ಪ್ರದೇಶ ತಾನೇ ಎಂದು ಒಬ್ಬ ಹುಡುಗಿ ಅದನ್ನು "ಪ್ರತಿಶತ ನಲವತ್ತು ಪ್ರದೇಶದಲ್ಲಿ ಮಳೆಯಾಗಲಿದೆ" ಎಂದು ಬರೆದಿದ್ದಳು. ನಾನು ಸಿಡಿಮಿಡಿಗೊಂಡು ಗೀಚಿ ಹಾಕಿದೆ. ಆಕೆ ಒಂಚೂರೂ ಅಂಜಲಿಲ್ಲ. "ಮೇಡಂ, ಮಳಿ ಬರೂದು ಖರೇನ ಹಂಗ ಅಲ್ರೀ? ಭೂತನಾಳಕ ಬಂದ್ರ ಬಾಜೂ ಊರು ತೊರವಿಗಿ ಬರಂಗಿಲ್ಲ" ಅಂದಳು. ಇಡೀ ತರಗತಿ ನಕ್ಕಿತು. ನನಗೂ ನಗೆ ತಡೆಯಲಾಗಲಿಲ್ಲ, ಆದರೆ ಮಾರ್ಕು ಮಾತ್ರ ಕೊಡಲಿಲ್ಲ.

ಈ ಪದಗಳನ್ನೆಲ್ಲ ಪರೀಕ್ಷೆಗೆ ಕಲಿಸುವುದು ಸುಲಭ. ನಮ್ಮ ಮನೆಯವರೇ ಬಂದು ನಾಳೆ ಏನು ಮಾಡಲಿ ಎಂದು ಕೇಳಿದಾಗಲೇ ಕಷ್ಟ ಗೊತ್ತಾಗುವುದು.

ನನ್ನ ತಂಗಿಯನ್ನು ಕೊಟ್ಟಿರುವುದು ತಿಕೋಟಾದ ಹತ್ತಿರದ ಒಂದು ದ್ರಾಕ್ಷಿ ತೋಟದ ಮನೆಗೆ. ಆ ಮನೆಯಲ್ಲಿ ಪ್ರತಿ ವರ್ಷ ಹಣ್ಣು ಬಳ್ಳಿಯ ಮೇಲಿರುವಾಗಲೇ ವ್ಯಾಪಾರಿ ಬಂದು ಇಡೀ ತೋಟದ ಬೆಳೆಯನ್ನು ಒಂದೇ ಮಾತಿಗೆ ಕೊಳ್ಳುವುದು ರೂಢಿ. ತಂಗಿಗೆ ಅದು ಮೊದಲಿನಿಂದಲೂ ಹಿಡಿಸಿಲ್ಲ. "ವರ್ಷಾನಗಟ್ಲೆ ಕೂಸಿನಂಗ ಜ್ವಾಕಿ ಮಾಡೂದು, ಕಡೀಕ ಲಾರಿ ಹತ್ತಿಸಿ ಕೈ ಝಾಡಿಸಿ ನಿಂದ್ರೂದು. ನನ್ನದು ಅಂತ ಏನ ಉಳೀತೈತಿ ಅಕ್ಕಾ?" ಎನ್ನುತ್ತಿದ್ದಳು. ತಾನೇ ಒಣದ್ರಾಕ್ಷಿ ಮಾಡಬೇಕು ಎಂಬುದು ಅವಳ ಹಟ. ಈ ವರ್ಷ ಗಂಡನನ್ನು ಕಾಡಿ ಬೇಡಿ ತಗಡಿನ ಶೆಡ್ ಎಬ್ಬಿಸಿ, ಒಳಗೆ ಹಣ್ಣು ಹರವಲು ಒಂದರ ಮೇಲೊಂದು ಬಲೆ ಬಿಗಿಸಿದ್ದಳು. ಗಂಡ ಒಪ್ಪಿದ್ದು ಒಂದೇ ಮಾತಿನ ಮೇಲೆ: ಈ ಒಂದು ಸಲ ನೋಡೋಣ, ಕೆಟ್ಟಿತೆಂದರೆ ಮತ್ತೆ ಈ ಸುದ್ದಿ ಎತ್ತಬಾರದು.

ಹಣ್ಣು ಕೊಯ್ಯುವ ಹೆಂಗಸರ ಗ್ಯಾಂಗು ಬರುವ ಹಿಂದಿನ ದಿನ ಜಲನಗರದ ನನ್ನ ಮನೆಗೆ ತಂಗಿಯ ಫೋನು ಬಂತು. ಮೊಬೈಲಿಗೆ ಇಂಗ್ಲಿಷಿನಲ್ಲಿ ಬಂದ ಹವಾಮಾನದ ಸಂದೇಶವನ್ನು ನನಗೆ ಕಳಿಸಿದ್ದಳು. ನಾಳೆ ಮಳೆಯ ಸಾಧ್ಯತೆ ಅರೌಂಡ್ ಫಾರ್ಟಿ, ನಾಡಿದ್ದು ಅಪ್ ಟು ಸಿಕ್ಸ್ಟಿ.

"ಅಕ್ಕಾ, ಮಳಿ ಬರತೈತೋ ಇಲ್ಲೋ, ಒಂದ ಮಾತ ಹೇಳ."

"ಹಂಗ ಒಂದ ಮಾತಿನ್ಯಾಗ ಹೇಳಾಕ ಬರಂಗಿಲ್ಲ ಬೇ. ನಾಳಿ ನಲವತ್ತರ ಆಸುಪಾಸು. ನಾಡ್ದ ಹೆಚ್ಚಂದ್ರ ಅರವತ್ತು. ಅದಕ್ಕಿಂತ ಕಡಿಮಿನೂ ಇರಬಹುದು."

"ಅಯ್ಯ, ಇಷ್ಟ ಓದಿ ಏನ ಬಂತು ನಿನಗ! ಗ್ಯಾಂಗ್ ಕರೀಲೋ ಬ್ಯಾಡೋ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಸಂದೇಶ ಬರೆದವರ ಮೇಲೆ. ಬಂದರೂ ಅವರದೇ ಸರಿ, ಬಾರದಿದ್ದರೂ ಅವರದೇ ಸರಿ. ಇಲ್ಲಿ ಕೊಯ್ದು ಹರವಿದ ಮೇಲೆ ಇರಚಲು ಬಡಿದರೆ ಹಣ್ಣು ಕಪ್ಪಾಗಿ ಬೂಸಲು ಹಿಡಿಯುತ್ತದೆ. ಕೊಯ್ಯದೆ ಬಿಟ್ಟು ಮಳೆ ಬಂದರೆ ಬಳ್ಳಿಯ ಮೇಲೇ ಸೀಳುತ್ತದೆ. ಗ್ಯಾಂಗನ್ನು ಬೇಡ ಎಂದರೆ ಅವರು ಬಬಲೇಶ್ವರದ ಕಡೆ ಹೋಗಿಬಿಡುತ್ತಾರೆ, ಮತ್ತೆ ಸಿಗುವುದು ಯಾವಾಗಲೋ. ಇದನ್ನೆಲ್ಲ ನೋಡಿದ ಅವಳ ಗಂಡ ವ್ಯಾಪಾರಿಗೂ ಬೆಳಿಗ್ಗೆ ಬಾ ಎಂದು ಹೇಳಿಬಿಟ್ಟಿದ್ದ. ಮನಸ್ಸು ತಡೆಯಲಿಲ್ಲ. ಕಾಲೇಜಿಗೆ ಎರಡು ದಿನ ರಜೆ ಹಾಕಿ ಮರುದಿನ ಮೊದಲ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಎಲ್ಲರೂ ಶೆಡ್ಡಿನ ಮುಂದೆ ಕೂಡಿದ್ದರು. ಕತ್ತರಿ ಹಿಡಿದ ಗ್ಯಾಂಗಿನವರು ಒಂದು ಕಡೆ, ಬೈಕಿನಿಂದ ಇಳಿಯದೆ ಕೂತ ವ್ಯಾಪಾರಿ ಇನ್ನೊಂದು ಕಡೆ. ತಂಗಿಯ ಗಂಡ ಆಕಾಶ ನೋಡುತ್ತ ನಿಂತಿದ್ದ. ತಂಗಿ ನನ್ನನ್ನು ಕಂಡವಳೇ ಬಾ ಎಂದೂ ಅನ್ನದೆ, "ನಲವತ್ತು ಅಂದ್ರ ಎಷ್ಟಾಣಿ?" ಎಂದು ಕೇಳಿದಳು.

ನಮ್ಮ ಕಡೆ ಬೆಳೆಯ ಅಂದಾಜನ್ನು ಈಗಲೂ ಆಣೆಯಲ್ಲೇ ಹೇಳುತ್ತಾರೆ. ಹದಿನಾರಾಣೆ ಎಂದರೆ ಪೂರಾ, ಎಂಟಾಣೆ ಎಂದರೆ ಅರ್ಧ. ಆ ನಾಣ್ಯ ಹೋಗಿ ಯಾವ ಕಾಲವಾಯಿತೋ, ಮಾತಿನಲ್ಲಿ ಮಾತ್ರ ಹಾಗೇ ಉಳಿದಿದೆ.

"ಆರಾಣಿಗಿಂತ ಒಂದೀಟ ಜಾಸ್ತಿ" ಅಂದೆ.

"ಸುಮಾರ ಅಂತ ಅಂದಾರಲ್ಲ. ಹಂಗಾರ ಆರಾಣಿನ ಹಿಡಿ. ಮಳಿ ಆರಾಣಿ, ಬಿಸಲು ಹತ್ತಾಣಿ." ಅವಳು ಗ್ಯಾಂಗಿನ ಮುಂದಾಳು ಹೆಂಗಸಿನ ಕಡೆ ತಿರುಗಿದಳು. "ಅಕ್ಕಾರ, ಹತ್ತಾಣಿ ತ್ವಾಟ ಕೊಯ್ರಿ. ಆ ಕಡೆ ಆರಾಣಿ ಹಂಗ ಬಿಡ್ರಿ, ಅದನ್ನ ವ್ಯಾಪಾರಿ ಒಯ್ಯಲಿ."

ನನ್ನೊಳಗಿನ ಮೇಡಂ ಎದ್ದು ನಿಂತಳು. "ಹುಚ್ಚಿ, ಸಾಧ್ಯತೆ ಅಂದ್ರ ಹಂಗ ಪಾಲು ಮಾಡೂದಲ್ಲ! ಬಂದ್ರ ತ್ವಾಟಕ್ಕೆಲ್ಲಾ ಬರತೈತಿ, ಬರಲಿಲ್ಲಂದ್ರ ಎಲ್ಲಾದಕ್ಕೂ ಇಲ್ಲ. ಆರು ಸಾಲಿಗಿ ಬಂದು ಹತ್ತು ಸಾಲಿಗಿ ಬಿಡತೈತೇನ?"

"ಅದು ನನಗೂ ಗೊತ್ತೈತಿ. ಯಾವುದಾರ ಒಂದು ಉಳೀಲಿ ಅಂತ ಮಾಡಾಕತ್ತೇನಿ. ನಿಮ್ಮ ಇಂಗ್ಲಿಷಿನವರು ನನಗ ಹೌದೂ ಅನ್ನವಲ್ರು, ಇಲ್ಲಾನೂ ಅನ್ನವಲ್ರು. ನಾನೂ ಹಂಗ ಮಾಡತೇನಿ."

ವ್ಯಾಪಾರಿ ನಡುವೆ ಬಾಯಿ ಹಾಕಿದ. "ನಾ ಚೂರುಪಾರು ತಗೊಳ್ಳಾಂವಲ್ರಿ. ಕೊಟ್ರ ಪೂರಾ ಕೊಡ್ರಿ, ಇಲ್ಲಂದ್ರ ಬ್ಯಾಡ" ಎಂದು ಬೈಕು ಚಾಲೂ ಮಾಡಿದ. ತಂಗಿಯ ಗಂಡ ಹೆಂಡತಿಯ ಮುಖ ನೋಡಿದ, ಬೈಕು ನೋಡಿದ. ವ್ಯಾಪಾರಿಗೆ ಬೇಡ ಎಂದು ತಲೆಯಾಡಿಸಿದ. ಆಮೇಲೆ ತೋಟದೊಳಗೆ ಹೋದ.

ಅಂದು ಸಂಜೆಯವರೆಗೆ ಕೊಯ್ಲು ನಡೆಯಿತು. ಕೊಯ್ದ ಗೊಂಚಲುಗಳನ್ನು ಬೇಗ ಒಣಗಲೆಂದು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರವಿದರು. ನಾನೂ ಸೆರಗು ಸಿಕ್ಕಿಸಿ ನಿಂತೆ. ಗ್ಯಾಂಗಿನವರು ನನ್ನ ಕೆಲಸ ನೋಡಿ ಮುಸಿಮುಸಿ ನಕ್ಕರು. "ಮೇಡಂ ಅವ್ರ, ನೀವ ಕುಂಡರ್ರಿ, ನಾವ ಮಾಡತೇವಿ" ಎಂದರೂ ನಾನು ಕೂರಲಿಲ್ಲ. ಮಳೆ ಬರಲಿಲ್ಲ.

ಬಂದದ್ದು ಮರುದಿನ ಮಧ್ಯಾಹ್ನ, ಊಟಕ್ಕೆ ಕೂತಾಗ. ಪಡುವಣದಲ್ಲಿ ಕಪ್ಪಿಟ್ಟು ಗಾಳಿ ಎದ್ದಿತು. ಶೆಡ್ಡಿಗೆ ಮೇಲೆ ತಗಡಿತ್ತು, ಪಕ್ಕಕ್ಕೆ ಗೋಡೆ ಇರಲಿಲ್ಲ. ತಂಗಿ ತಟ್ಟೆ ಬಿಟ್ಟು ಓಡಿದಳು. ನಾನೂ ಓಡಿದೆ. ಸುತ್ತ ಇಳಿಬಿಟ್ಟ ತಾಡಪತ್ರಿ ಗಾಳಿಗೆ ಉಬ್ಬಿ ಕೈಗೇ ಸಿಗುತ್ತಿರಲಿಲ್ಲ. ಒಂದು ಮೂಲೆ ಹಿಡಿದರೆ ಇನ್ನೊಂದು ಹಾರುತ್ತಿತ್ತು. ದೇವರೇ, ಇವಳದೊಂದು ಉಳಿಸು ಎಂದು ನಾನು ಬಾಯಿಬಿಟ್ಟೇ ಹೇಳಿದೆ, ನಾಚಿಕೆಯೇನಿಲ್ಲ. ಅಷ್ಟರಲ್ಲಿ ಯಾರೋ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡರು. ತಂಗಿಯ ಗಂಡ. ಹಗ್ಗವನ್ನು ಕಂಬಕ್ಕೆ ಸುತ್ತಿ, ತಾಡಪತ್ರಿಯ ಮೇಲೆ ಬೆನ್ನು ಕೊಟ್ಟು ನಿಂತ. ಮಳೆ ಓರೆಯಾಗಿ ಅವನ ಮುಖಕ್ಕೇ ಹೊಡೆಯುತ್ತಿತ್ತು. "ಆ ಕಡೆ ಮೂಲಿ ನೋಡು, ಆ ಕಡೆ ಮೂಲಿ!" ಎಂದು ಹೆಂಡತಿಗೆ ಕೂಗುತ್ತಿದ್ದ.

ಬಂದಷ್ಟೇ ಬೇಗ ಮಳೆ ಹೋಯಿತು. ಬಳ್ಳಿಯ ಮೇಲೆ ಬಿಟ್ಟಿದ್ದರಲ್ಲಿ ಬಹಳಷ್ಟು ಸೀಳಿತು. ಶೆಡ್ಡಿನ ಅಂಚಿನ ಹಣ್ಣು ಸ್ವಲ್ಪ ಕಪ್ಪಾಯಿತು. ನಡುವಿನದು ಬಿಸಿಲಿಗೆ, ಗಾಳಿಗೆ ನಿಧಾನವಾಗಿ ಒಣಗುತ್ತ ಹೋಯಿತು. ನಾನು ಜಲನಗರಕ್ಕೆ ಮರಳಿದ ಮೇಲೂ ದಿನಾ ಫೋನು ಮಾಡಿ ಕೇಳುತ್ತಿದ್ದೆ. ಅರೌಂಡ್, ನಿಯರ್ಲಿ, ಅಪ್ ಟು ತರಗತಿಯಲ್ಲಿ ಬಂದರೆ ಮೊದಲಿನಂತೆ ಪಟಪಟ ಹೇಳಿ ಮುಂದೆ ಹೋಗಲು ಆಗಲಿಲ್ಲ. ಅಂಕಿ ಹೇಳುವವನಿಗೆ ಸುಮಾರು ಎಂದರೆ ಸಾಕು, ಕೇಳಿದವನು ಆ ಸುಮಾರಿನ ಮೇಲೆ ನಿಂತು ಪೂರಾ ಒಂದು ಕೆಲಸ ಮಾಡಬೇಕು ಎಂದು ಮಕ್ಕಳಿಗೆ ಹೇಳಿದೆ.

ಒಣಗಿದ ಮೇಲೆ ನೋಡಲು ಹೋದೆ. ಪಡಸಾಲೆಯಲ್ಲಿ ರಾಶಿ ಹಾಕಿದ್ದರು, ಹಸಿರು ಬಂಗಾರದ ಬಣ್ಣ. ತಂಗಿ ಕೂತು ಕಡ್ಡಿ ಆರಿಸುತ್ತಿದ್ದಳು. ಅವಳ ಗಂಡ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿಯುತ್ತಿದ್ದ. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅದೇ ವ್ಯಾಪಾರಿ. ಮುಂದಿನ ವರ್ಷದ ತೋಟಕ್ಕೆ ಈಗಲೇ ಮಾತು ಹಾಕಿಡೋಣವೇ ಎಂದು ಕೇಳುತ್ತಿರುವುದು ನನಗೂ ಕೇಳಿಸಿತು. ತಂಗಿಯ ಕೈ ರಾಶಿಯ ಮೇಲೆ ನಿಂತುಬಿಟ್ಟಿತು.

ಅವನು ಬಾಯಲ್ಲಿದ್ದುದನ್ನು ನುಂಗಿದ. "ನನ್ನ ಯಾಕ ಕೇಳ್ತೀರಿ? ಮಾಲಕ್ರು ಇಲ್ಲೇ ಅದಾರ, ಅವರನ್ನ ಕೇಳ್ರಿ" ಅಂದವನೇ ಫೋನನ್ನು ಹೆಂಡತಿಯ ಮುಂದೆ ಹಿಡಿದ.

ತಂಗಿ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು.

"ಹಲೋ, ಹೇಳ್ರಿ" ಅಂದಳು.