ಬೆಂಗಳೂರಿಗೆ ಎಸಿ ಯಾಕೆ ಅಂದವರಿಗೆ

‘ಬೆಂಗಳೂರಿಗೆ ಎಸಿ ಯಾಕ್ರೀ?’ ಎನ್ನುವ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಕೇಳುವವರ ಮುಖದಲ್ಲಿ ಒಂದು ಗತ್ತಿರುತ್ತದೆ, ಈ ಊರಿನ ತಂಪನ್ನು ಅವರ ಮುತ್ತಜ್ಜನೇ ಹೊತ್ತು ತಂದ ಹಾಗೆ. ನಾವಿದ್ದದ್ದು ಬಸವನಗುಡಿಯಲ್ಲಿ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಬೀದಿಯ ಮರಗಳು ಒಂದೊಂದಾಗಿ ಉರುಳಿ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಾಡಿಗಳಾಗಿ, ಏಪ್ರಿಲ್ ಬಂತೆಂದರೆ ಊರು ಕಾದ ಕಾವಲಿಯಾಗುತ್ತಿತ್ತು. ಆದರೂ ಬೀದಿಯ ಗಂಡಸರು ಬನಿಯನ್ ಒದ್ದೆ ಮಾಡಿಕೊಂಡು, ‘ನಮ್ಮೂರಿನ ಹವಾ ಎಲ್ಲೂ ಇಲ್ಲ’ ಎನ್ನುತ್ತಿದ್ದರು.

ಅವರ ಬನಿಯನ್ನಾದರೂ ಒದ್ದೆಯಾಗುತ್ತಿತ್ತು. ನನ್ನ ಮಗಳಿಗೆ ಬೆವರು ಬರುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೆ. ನಾವೆಲ್ಲ ಬೆವರಿ ತಣ್ಣಗಾಗುತ್ತೇವೆ, ಅವಳ ಮೈ ಕಾಯಲು ಶುರುವಾದರೆ ಕಾಯುತ್ತಲೇ ಹೋಗುತ್ತದೆ. ಇದಕ್ಕೆ ಔಷಧಿಯಿಲ್ಲ, ಮೈ ತಂಪಾಗಿಟ್ಟುಕೊಂಡರೆ ಎಲ್ಲರಂತೆಯೇ ಬದುಕುತ್ತಾಳೆ, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಎಸಿ ಇರುವ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು. ನನ್ನ ಯಜಮಾನರಿಗೆ ಆಗ ಶಿವಮೊಗ್ಗಕ್ಕೆ ವರ್ಗವಾಗಿತ್ತು, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ನಾನೇ ಡ್ರೈವಿಂಗ್ ಕಲಿತು ಮಗಳನ್ನು ಮಲ್ಲೇಶ್ವರದ ಶಾಲೆಗೆ ಬಿಟ್ಟು ಕರೆತರುತ್ತಿದ್ದೆ. ಅಷ್ಟು ದೂರದ ಶಾಲೆ ಯಾಕೆಂದರೆ, ಅಲ್ಲಿನ ಹೆಡ್‌ಮಿಸ್ ಯಾರಿಗೂ ಕಾರಣ ಹೇಳದೆ ಅವಳನ್ನು ಫ್ಯಾನಿನ ಕೆಳಗೆ ಕೂರಿಸಲು ಒಪ್ಪಿದ್ದರು.

ಯಾರಿಗೂ ಕಾರಣ ಹೇಳದೆ ಇರುವುದು ನಮ್ಮ ಮನೆಯ ಕಟ್ಟಪ್ಪಣೆ. ಮಗು ಎಳೆಯದಿದ್ದಾಗ ಡಾಕ್ಟರ ರೂಮಿನಿಂದ ಹೊರಬಂದ ಕೂಡಲೇ ನನ್ನ ಅಮ್ಮ ಕೈ ಹಿಡಿದು, ‘ಹೆಣ್ಣುಮಗು ಕಣೇ. ನಾಳೆ ಒಂದು ಮನೆಗೆ ಕೊಡೋದಲ್ವಾ? ಬಾಯ್ ಬಿಡ್ಬೇಡ’ ಎಂದಿದ್ದಳು. ನಾನು ಬಿಡಲಿಲ್ಲ, ಯಜಮಾನರೂ ತಮ್ಮ ಮನೆಯವರಿಗೆ ಹೇಳಲಿಲ್ಲ. ಎಸಿ ಯಾಕೆಂದು ಕೇಳಿದವರಿಗೆ, ನನಗೆ ಧೂಳಿನ ಅಲರ್ಜಿ, ಕಿಟಕಿ ತೆಗೆಯುವ ಹಾಗಿಲ್ಲ ಎನ್ನುತ್ತಿದ್ದೆ. ವರ್ಷಗಟ್ಟಲೆ ಹೇಳಿ ಹೇಳಿ ಆ ಸುಳ್ಳು ಎಷ್ಟು ಪಳಗಿತ್ತೆಂದರೆ, ಯಾರಾದರೂ ಚಾಪೆ ಕೊಡವಿದರೆ ನನಗೆ ನಿಜವಾಗಿಯೂ ಸೀನು ಬರುತ್ತಿತ್ತು.

ಆ ದಿನ ವಾರ್ಷಿಕ ಪರೀಕ್ಷೆ ಬರೆದು ಮಧ್ಯಾಹ್ನ ಒಂದು ಗಂಟೆಗೆ ಮಗಳು ಕಾರು ಹತ್ತಿದಳು. ಕಾರು ಹಿಂದಿನ ಸಂಜೆಯಷ್ಟೇ ಸರ್ವಿಸ್ ಮುಗಿಸಿ ಬಂದಿತ್ತು, ಬೆಳಗಿನ ತಂಪಿನಲ್ಲಿ ಎಸಿ ಹಾಕಿರಲಿಲ್ಲ. ಎಸಿ ಗುಂಡಿ ಒತ್ತಿದೆ, ದೀಪ ಹತ್ತಿತು, ಗಾಳಿಯೂ ಜೋರಾಗಿ ಬಂತು. ಆದರೆ ಬಂದದ್ದು ಬಿಸಿ ಗಾಳಿ. ಸ್ವಲ್ಪ ದೂರ ಹೋದರೆ ಸರಿಯಾದೀತೆಂದು ಹೊರಟೆ. ಮೆಜೆಸ್ಟಿಕ್ ಹತ್ತಿರ ಹಿಂದೆ ಬಸ್ಸು, ಮುಂದೆ ಬಸ್ಸು, ಕದಲುವಂತಿಲ್ಲ. ಕಿಟಕಿ ಇಳಿಸಿದರೆ ಬಸ್ಸಿನ ಹೊಗೆ ಮುಖಕ್ಕೇ ನುಗ್ಗಿತು. ‘ಅಮ್ಮ, ತಲೆ ಸಿಡೀತಿದೆ’ ಎಂದಳು. ಮುಖ ಕೆಂಪಗೆ ಊದಿಕೊಂಡಿತ್ತು. ಬಾಟಲಿಯ ನೀರನ್ನು ಯೂನಿಫಾರ್ಮಿನ ಮೇಲೇ ಸುರಿದೆ. ಮನೆ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ನನ್ನನ್ನು ಗುರುತಿಸದೆ ‘ಮಿಸ್, ಮಿಸ್’ ಎನ್ನುತ್ತಿದ್ದಳು. ಬಚ್ಚಲಲ್ಲಿ ಕೂರಿಸಿ ಕೊಡಗಟ್ಟಲೆ ನೀರು ಹೊಯ್ದ ಮೇಲೆ ಕಣ್ಣು ತಿಳಿಯಾಯಿತು. ಡಾಕ್ಟರು ಮನೆಗೇ ಬಂದು ನೋಡಿದರು. ‘ಇನ್ನೊಂದು ಅರ್ಧ ಗಂಟೆ ಆಗಿದ್ದಿದ್ರೆ ಕಷ್ಟ ಆಗ್ತಿತ್ತು’ ಎಂದರು.

ಮರುದಿನ ಪರೀಕ್ಷೆಗೆ ರಜೆ. ಬಿಸಿಲೇರುವ ಮೊದಲೇ ಹೊರಟೆ. ಮಗಳನ್ನು ಒಬ್ಬಳನ್ನೇ ಬಿಡಲು ಧೈರ್ಯವಿಲ್ಲದೆ ಹೆಗಲಿಗೆ ಒದ್ದೆ ಟವೆಲ್ ಹೊದಿಸಿ ಜೊತೆಗೇ ಕರೆದುಕೊಂಡೆ. ಮೊದಲು ಹೋದದ್ದು ಸರ್ವಿಸ್ ಮಾಡಿದ್ದ ಚಾಮರಾಜಪೇಟೆಯ ಗ್ಯಾರೇಜಿಗೆ. ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತಲಿಲ್ಲ. ‘ಗ್ಯಾಸ್ ಖಾಲಿ ಆಗಿರತ್ತೆ ಮೇಡಂ. ಸಾರ್‌ನ ಕಳ್ಸಿ, ಮಾತಾಡ್ತೀನಿ’ ಎಂದ.

‘ಗಾಡಿ ಓಡ್ಸೋದು ನಾನು. ನನ್ ಹತ್ರ ಮಾತಾಡಿ.’

‘ಇಲ್ಲ ಮೇಡಂ, ಸಾರ್ ಬರ್ಲಿ’ ಎಂದು ಬೇರೆ ಗಾಡಿಯ ಕೆಳಗೆ ತೂರಿಕೊಂಡ. ಹೊರಗೆ ಚಾಚಿದ್ದ ಆ ಎರಡು ಕಾಲುಗಳನ್ನು ತುಳಿದುಬಿಡೋಣ ಅನ್ನಿಸಿತು. ಸಾರ್ ಎಂದರೆ ನನ್ನ ಭಾವ, ಯಜಮಾನರ ಅಣ್ಣ. ನಮ್ಮಿಂದ ಎರಡು ರಸ್ತೆ ಆಚೆ ಮನೆ, ನಿವೃತ್ತರಾಗಿದ್ದರು. ಹೆಂಗಸರು ಹೋದರೆ ಗ್ಯಾರೇಜಿನವರು ಟೋಪಿ ಹಾಕುತ್ತಾರೆಂದು ಸರ್ವಿಸ್ ಮಾಡಿಸುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದರು.

ಜೆ.ಸಿ. ರೋಡಿನಲ್ಲಿ ಬರೀ ಎಸಿ ಕೆಲಸ ಮಾಡುವವರೊಬ್ಬರು ಸಿಕ್ಕರು. ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಪೈಪಿಗೆ ಮೀಟರು ಸಿಕ್ಕಿಸಿ ನೋಡಿ, ‘ಗ್ಯಾಸ್ ಫುಲ್ ಇದೆ ಮೇಡಂ, ಯಾರು ಹೇಳಿದ್ದು ಖಾಲಿ ಅಂತ?’ ಎಂದರು. ನನ್ನನ್ನೇ ಸೀಟಿನಲ್ಲಿ ಕೂರಿಸಿ ಇಂಜಿನ್ ಶುರು ಮಾಡಿಸಿ, ಎಸಿ ಗುಂಡಿ ಒತ್ತಿಸಿದರು. ಒತ್ತಿದಾಗ ಕಂಪ್ರೆಸರ್ ಟಕ್ ಎಂದು ಹಿಡಿದುಕೊಳ್ಳಬೇಕಂತೆ, ಅದು ತಿರುಗಿದರೇ ತಂಪು. ನಾಲ್ಕು ಸಲ ಒತ್ತಿದೆ, ಟಕ್ ಎನ್ನಲಿಲ್ಲ. ಇಂಜಿನ್ ಆರಿಸಲು ಹೇಳಿ, ಕೈ ಒಳಗೆ ಹಾಕಿ ಒಂದು ವೈರಿನ ಜಾಡು ಹಿಡಿದು ಹೋದವರು ಅದರ ತುದಿ ಎಳೆದು ತೋರಿಸಿದರು. ತುದಿಗೆ ಕಪ್ಪು ಟೇಪು ನೀಟಾಗಿ ಸುತ್ತಿತ್ತು.

‘ಇದು ತಾನಾಗೇ ಕಿತ್ತೋಗಿರೋದಲ್ಲ ಮೇಡಂ. ಯಾರೋ ಬಿಚ್ಚಿ, ಟೇಪ್ ಹಾಕಿ ಇಟ್ಟಿದಾರೆ.’

ಟೇಪು ಬಿಚ್ಚಿ ವೈರು ಸಿಕ್ಕಿಸಿದರು. ಟಕ್ ಎಂದಿತು. ಎರಡು ನಿಮಿಷಕ್ಕೆ ತಣ್ಣನೆ ಗಾಳಿ. ಮಗಳು ಅದಕ್ಕೆ ಮುಖವೊಡ್ಡಿ ಕಣ್ಣು ಮುಚ್ಚಿಕೊಂಡಳು. ನನಗೆ ಮಾತ್ರ ಪಿತ್ತ ನೆತ್ತಿಗೇರಿತ್ತು. ಗ್ಯಾರೇಜಿನವನು ಯಾಕೆ ಗಾಡಿಯ ಕೆಳಗೆ ತೂರಿಕೊಂಡನೆಂದು ಈಗ ತಿಳಿಯಿತು. ನೇರ ಭಾವನ ಮನೆಗೆ ಹೋದೆ.

ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಮದುವೆಯಾದಾಗಿನಿಂದ ಅವರೆದುರು ನಾನು ದನಿ ಎತ್ತಿದವಳಲ್ಲ, ಕುರ್ಚಿಯ ಮೇಲೆ ಕೂತವಳೂ ಅಲ್ಲ. ಅವತ್ತು ಗೇಟಿನಿಂದಲೇ ಕೂಗಿದೆ. ‘ಕಾರಿನ ವೈರ್ ಬಿಚ್ಚಿಸಿದ್ದು ನೀವೇನಾ?’

‘ನಾನೇ ಕಣಮ್ಮ’ ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ. ‘ಸುಮ್ನೆ ಇಂಜಿನ್‌ಗೆ ಭಾರ, ಮೈಲೇಜೂ ಬರಲ್ಲ. ಹೇಳಿದ್ರೆ ನೀನು ಕೇಳೋಳಲ್ಲ. ನಿನ್ ಅಲರ್ಜಿಗೆ ಒಂದ್ ಕರ್ಚೀಫ್ ಕಟ್ಕೊಂಡ್ರೆ ಸಾಕು. ಬೆಂಗಳೂರಿಗೆ ಎಸಿ ಯಾಕಮ್ಮ?’

‘ನನ್ ಮಗಳನ್ನ ಕೊಂದೇಬಿಡ್ತಿದ್ರಿ ನೀವು!’

ಅವರ ಕೈಯಿಂದ ಪೇಪರ್ ಜಾರಿತು. ‘ಏನ್ ಮಾತಾಡ್ತಿದೀಯಾ? ನಿನ್ ಅಲರ್ಜಿಗೂ ಮಗೂಗೂ ಏನಮ್ಮ ಸಂಬಂಧ?’

ಸಿಟ್ಟಿನಲ್ಲಿ ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತುಹೋಯಿತು. ಅಷ್ಟಾದ ಮೇಲೂ, ನೋಡಿ, ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆ. ಹಿಂದೆ ನಿಂತಿದ್ದ ಮಗಳು ಮುಂದೆ ಬಂದಳು.

‘ದೊಡ್ಡಪ್ಪ, ನಂಗೆ ಬೆವರು ಬರಲ್ಲ. ಅದಕ್ಕೇ ಎಸಿ. ಅಮ್ಮಂಗೆ ಅಲರ್ಜಿ ಗಿಲರ್ಜಿ ಏನೂ ಇಲ್ಲ.’

ನಾನು ಅವಳ ಬಾಯಿ ಮುಚ್ಚಲು ಕೈ ಎತ್ತಿದೆ. ಅವಳು ನನ್ನ ಕೈಯನ್ನು ತಳ್ಳಿ, ನಿನ್ನೆ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಭಾವ ಅವಳ ಹಣೆ ಮುಟ್ಟಿ ನೋಡಿದರು, ಕತ್ತು ಮುಟ್ಟಿ ನೋಡಿದರು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮಗು. ನನಗೆ ಆಗಲೂ ಅವರ ಮೇಲೆ ಕರುಣೆ ಬರಲಿಲ್ಲ. ಕೇಳದೆ ಇನ್ನೊಬ್ಬರ ಗಾಡಿಗೆ ಕೈ ಹಾಕಿದ ಮನುಷ್ಯನ ಮೇಲೆ ಈಗಲೂ ಇಲ್ಲ.

ಕೊನೆಗೆ ಅವರು ಒಂದೇ ಒಂದು ಮಾತು ಕೇಳಿದರು. ‘ನಿನ್ನೆ ಮಗೂಗೆ ಏನಾದ್ರೂ ಆಗಿಹೋಗಿದ್ದಿದ್ರೆ, ಆಗ್ಲಾದ್ರೂ ನಂಗೆ ನಿಜ ಹೇಳ್ತಿದ್ಯೇನಮ್ಮ?’

ನಾನು ಮಗಳನ್ನು ಕರೆದುಕೊಂಡು ಕಾರಿಗೆ ಬಂದೆ. ಉತ್ತರ ನನಗೆ ಗೊತ್ತಿತ್ತು. ಆಗಲೂ, ಬಿಸಿಲು ಬಡಿಯಿತು ಎನ್ನುತ್ತಿದ್ದೆ.