ನರ್ಸಬಾಯಿ ಕಂಡ ಟಾಕಿ

ಮೊನ್ನೆ ನಮ್ಮ ಓಣಿಯಲ್ಲಿ ಸೊಳ್ಳೆಗೆ ಹೊಗೆ ಹೊಡೆದುಹೋದರು. ಕಿಟಕಿ ಮುಚ್ಚಿದರೂ ಡೀಸೆಲ್ ಬೆರೆತ ಆ ಘಾಟು ಒಳಗೆ ನುಗ್ಗಿತು. ಕೆಮ್ಮುತ್ತ ನಿಂತವಳಿಗೆ ನರ್ಸಬಾಯಿ ನೆನಪಾದರು...

ಚಿಕುನ್‌ಗುನ್ಯ ಬಂದು ಊರಿಗೆ ಊರೇ ಸೊಂಟ ಹಿಡಿದುಕೊಂಡು ನಡೆದ ಮರುವರ್ಷವಿರಬೇಕು. ನಾನು ರಾಣೇಬೆನ್ನೂರಿಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ, ಒಮ್ಮೊಮ್ಮೆ ಹನ್ನೆರಡಕ್ಕೆ. ಹಾಗಾಗಿ ಮನೆಮನೆಯಲ್ಲೂ ನೀರು ತುಂಬಿಡಲು ಬ್ಯಾರಲ್ಲು, ಕೊಡ, ಸಿಮೆಂಟಿನ ಟಾಕಿ. ಸರಕಾರಿ ದವಾಖಾನೆಯ ನರ್ಸಬಾಯಿ ಪ್ರತಿ ಶುಕ್ರವಾರ ನೋಡಲು ಬರುತ್ತಿದ್ದರು. ನಡುಹಗಲಿನಲ್ಲೂ ಕೈಯಲ್ಲಿ ಬ್ಯಾಟರಿ. ನೀರಿನೊಳಗೆ ಬೆಳಕು ಬಿಟ್ಟು, ಸೊಳ್ಳೆಯ ಹುಳ ಕಂಡರೆ ಚೆಲ್ಲಿಸುತ್ತಿದ್ದರು. ಸೊಳ್ಳೆಯ ತತ್ತಿ ಗೋಡೆಗೇ ಅಂಟಿರುತ್ತದೆ, ಒಳಗೆಲ್ಲ ತಿಕ್ಕಿ ತೊಳೆದು ಒಣಗಿಸಿರೆಂದು ಹೇಳಿ ಹೇಳಿ ಅವರ ಗಂಟಲು ಬಿದ್ದುಹೋಗುತ್ತಿತ್ತು. ನೀರು ಚೆಲ್ಲಿ ನಾವೇನು ಮಾಡೋಣ ಎಂದು ಹೆಂಗಸರು ಜಗಳಕ್ಕೆ ನಿಲ್ಲುತ್ತಿದ್ದರು.

ಆ ಶುಕ್ರವಾರ ನಳ ಬಂದು ಹನ್ನೊಂದು ದಿನವಾಗಿತ್ತು. ಅತ್ತೆ ಬ್ಯಾಡಗಿಗೆ ಮಗಳ ಮನೆಗೆ ಹೋಗಿದ್ದರು. ಹಿತ್ತಲಿನ ಟಾಕಿಯಲ್ಲಿ ಒಂದು ಮೊಳ ನೀರು ಉಳಿದಿತ್ತು. ಓಣಿಯ ತುದಿಯಲ್ಲಿ ನರ್ಸಬಾಯಿ ಕಂಡದ್ದೇ ಟಾಕಿಗೆ ಹಳೆಯ ಚೀಲ ಹೊದಿಸಿ ಮೇಲೆ ಕಟ್ಟಿಗೆ ಒಟ್ಟಿದೆ.

“ಹಿತ್ತಲದಾಗ ಏನರ ನೀರು ಇಟ್ಟೀಯೇನವಾ?”

“ಇಲ್ರೀ ಬಾಯಾರ.”

ನಂಬಿ ಹೋದರು. ನಡುವೆ ನಳ ಬಂದಾಗ ಹಳೆಯ ನೀರಿನ ಮೇಲೆಯೇ ಹೊಸದನ್ನು ತುಂಬಿಸಿದೆ. ಮುಂದಿನ ಶುಕ್ರವಾರವೂ ಅದೇ ಸುಳ್ಳು ಹೇಳಿದೆ.

ಅದಾದ ವಾರದಲ್ಲಿ ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗಿಗೆ ಜ್ವರ ಬಂತು. ಹಗಲೆಲ್ಲ ನಮ್ಮ ಹಿತ್ತಲಿನಲ್ಲೇ ಆಡುತ್ತ, ನನ್ನನ್ನು ಚಿಗವ್ವ ಎನ್ನುತ್ತಿದ್ದ ಕೂಸು. ನಾಲ್ಕನೆಯ ದಿನ ಜ್ವರ ಇಳಿಯಿತೆಂದು ತಾಯಿ ಸಮಾಧಾನಪಟ್ಟಳು. ನರ್ಸಬಾಯಿ ಬಂದು ಆ ತಣ್ಣನೆಯ ಕೈಕಾಲು ಮುಟ್ಟಿದವರೇ ಕೂಸನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟದೆ ರಸ್ತೆಗೆ ಓಡಿದರು. ಸಿಕ್ಕ ಟೆಂಪೋ ನಿಲ್ಲಿಸಿ ತಾಯಿ ಮಗಳನ್ನು ದಾವಣಗೆರೆಗೆ ಒಯ್ದರು. ಮರುದಿನ ಮಧ್ಯಾಹ್ನ ಮರಳಿದಾಗ ಕೂಸು ಬಿಳಿ ಬಟ್ಟೆಯಲ್ಲಿತ್ತು... ಡೆಂಗಿ ಎಂದರು.

ಮಣ್ಣು ಮಾಡಿದ ಮೂರನೆಯ ದಿನ ನರ್ಸಬಾಯಿ ನಮ್ಮ ಮನೆಗೆ ಬಂದರು. ಏನೂ ಕೇಳದೆ, ಕೂಸು ಆಡುತ್ತಿದ್ದ ಹಿತ್ತಲಿಗೆ ನೇರ ನಡೆದು, ಕಟ್ಟಿಗೆ ತೆಗೆದು, ಚೀಲ ಸರಿಸಿ ಬ್ಯಾಟರಿ ಬಿಟ್ಟರು. ನೀರಿನ ತುಂಬ ಹುಳ. ನಾನು ಅವರ ಕಾಲು ಹಿಡಿದೆ. ಕೂಸನ್ನು ಕಚ್ಚಿದ ಸೊಳ್ಳೆ ಇಲ್ಲಿಯದೇನಾ ಎಂದು ಮತ್ತೆ ಮತ್ತೆ ಕೇಳಿದೆ. ಅವರು ಬ್ಯಾಟರಿ ಆರಿಸಿದರು.

“ಅದು ಯಾರಿಗೂ ಗೊತ್ತಾಗಂಗಿಲ್ಲ ತಂಗಿ. ಕೂಸಿನ ಅವ್ವಗ ನಾ ಏನೂ ಹೇಳಂಗಿಲ್ಲ. ಏಳು, ಬಕೀಟ ತಗೊಂಡ ಬಾ.”

ಇಬ್ಬರೂ ಸೇರಿ ನೀರು ಚೆಲ್ಲಿದೆವು. ಅವರೇ ಒಳಗಿಳಿದು ಗೋಡೆ ತಿಕ್ಕಿದರು. ತಿಕ್ಕುತ್ತಲೇ ಅತ್ತರು. ಸಂಜೆ ತಮ್ಮ ಮನೆಯಿಂದ ಎರಡು ಕೊಡ ನೀರು ಹೊತ್ತು ತಂದಿಟ್ಟು ಹೋದರು.

ಮುಂದೆ ಅವರಿಗೆ ಹೊಸರಿತ್ತಿಯ ಕಡೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರಂತೆ. ನನಗೆ ತಿಳಿದದ್ದು ಈಚೆಗೆ.

ಪಕ್ಕದ ಮನೆಯವಳು ಇನ್ನೂ ಪಕ್ಕದಲ್ಲೇ ಇದ್ದಾಳೆ. ನಿನ್ನೆ ಕಟ್ಟೆಯ ಮೇಲೆ ಕೂತು ನನ್ನ ಜೊತೆ ಅವರೆಕಾಯಿ ಸುಲಿದಳು. ಇದ್ದಿದ್ದರೆ ಮಗಳಿಗೆ ಈಗ ಮದುವೆಯ ವಯಸ್ಸು ಎಂದಳು. ನರ್ಸಬಾಯಿ ಇರುವತನಕ ಆ ಟಾಕಿಯ ಸಂಗತಿ ಅವರದೂ ನನ್ನದೂ ಆಗಿತ್ತು, ಈಗ ನನ್ನೊಬ್ಬಳದು. ಹೇಳಿಬಿಡಬೇಕೆಂದು ತಲೆ ಎತ್ತಿದೆ. ಅವಳು ತಾನು ಸುಲಿದ ಕಾಳನ್ನೆಲ್ಲ ನನ್ನ ಬುಟ್ಟಿಗೆ ಸುರಿಯುತ್ತಿದ್ದಳು.